ಒಂದು ಕಣದಿಂದ ಶುರು ಮಾಡಿ: ಮುಂಬೈ–ಪುಣೆಯ ಮನೆಗಳಲ್ಲಿ ಮಕ್ಕಳಿಗೆ ಉಲ್ಕೆ, ಧೂಮಕೇತು, ಸೌರವ್ಯೂಹ

2023ರ ಡಿಸೆಂಬರ್ 14ರ ರಾತ್ರಿ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಚಾಪೆ ಹಾಸಿ ಮಲಗಿದ್ದೆವು. ಒಂದು ಉಲ್ಕೆ ಸರ್ರನೆ ಜಾರಿ ಮಾಯವಾಯಿತು. ತಂಗಿಯ ಮಗಳಿಗೆ ಆಗ ಏಳು ವರ್ಷ. ಎದ್ದು ಕೂತು ಕೇಳಿದಳು: “ದೊಡ್ಡಮ್ಮಾ, ಆ ಚುಕ್ಕಿ ಬಿದ್ದುಹೋಯ್ತಲ್ಲ, ಈಗ ಅದಿದ್ದ ಜಾಗ ಖಾಲಿನಾ?”

ನಾನು ಉತ್ತರ ಹೇಳಲಿಲ್ಲ. ಮೃಗಶಿರ (ಒರಾಯನ್) ನಕ್ಷತ್ರಪುಂಜದ ನಡುವೆ ಸಾಲಾಗಿರುವ ಮೂರು ಚುಕ್ಕಿ ತೋರಿಸಿ, “ಎಣಿಸಿಟ್ಟುಕೋ” ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಉಲ್ಕೆ ಆ ಕಡೆಗೇ ಜಾರಿತು. ಮತ್ತೆ ಎಣಿಸಿದಳು. ಮೂರೂ ಇದ್ದವು. ಸುತ್ತಲಿನ ಚುಕ್ಕಿಗಳನ್ನೂ ಒಂದೊಂದಾಗಿ ನೋಡಿ, “ಹಾಗಾದ್ರೆ ಬಿದ್ದಿದ್ದು ಚುಕ್ಕಿ ಅಲ್ಲ. ಮತ್ತೇನು?” ಎಂದಳು.

ಆ “ಮತ್ತೇನು”ವಿನಿಂದ ನಮ್ಮ ಕಲಿಕೆ ಶುರುವಾಯಿತು. ಸಾಮಾನ್ಯವಾಗಿ ಪಾಠ ಸೂರ್ಯನಿಂದ ಶುರುವಾಗುತ್ತದೆ. ಎಂಟು ಗ್ರಹಗಳ ಹೆಸರು ಬಾಯಿಪಾಠ, ಥರ್ಮಾಕೋಲ್ ಚೆಂಡುಗಳ ಪ್ರಾಜೆಕ್ಟ್, ಕೊನೆಯ ಪುಟದಲ್ಲಿ ಎರಡು ಸಾಲು ಉಲ್ಕೆ, ಎರಡು ಸಾಲು ಧೂಮಕೇತು. ನನ್ನ ಅನುಭವದಲ್ಲಿ ಇದನ್ನು ತಿರುಗಿಸಿ ಹಿಡಿಯುವುದೇ ಸರಿ. ಮಗು ಕಣ್ಣಾರೆ ಕಂಡದ್ದು ಒಂದು ಕಣ ಉರಿದ ಗೆರೆ. ಆ ಕಣ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟರೆ ಧೂಮಕೇತು ಸಿಗುತ್ತದೆ, ಧೂಮಕೇತುವಿನ ದಾರಿ ಹಿಡಿದರೆ ಗ್ರಹಗಳನ್ನೆಲ್ಲ ದಾಟಿ ಸೂರ್ಯನ ತನಕ ಹೋಗುತ್ತೀರಿ. ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕ್ರಮ ಹಿಡಿಸುತ್ತದೆ. ಇಡೀ ಕೆಲಸಕ್ಕೆ ನಾಲ್ಕೈದು ಭಾನುವಾರ, ಅಡುಗೆಮನೆಯ ಸಾಮಾನು, ಒಂದು ಕತ್ತಲೆಯ ರಾತ್ರಿ ಸಾಕು.

ಮೊದಲು ಮಾತು ಸರಿಮಾಡಿಕೊಳ್ಳಿ

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಮರಾಠಿ–ಹಿಂದಿ, ಮನೆಯಲ್ಲಿ ಕನ್ನಡ. ಒಳ್ಳೆಯ ಸಂಗತಿಯೆಂದರೆ ಉಲ್ಕೆ, ಧೂಮಕೇತು ಎಂಬ ಮಾತು ಮರಾಠಿಯಲ್ಲೂ ಹೆಚ್ಚುಕಡಿಮೆ ಹೀಗೇ ಇವೆ. ಅಲ್ಲಿ ಸೂರ್ಯಮಾಲಾ ಎಂದದ್ದು ಇಲ್ಲಿ ಸೌರವ್ಯೂಹ, ಅಲ್ಲಿಯ ಲಘುಗ್ರಹ ಇಲ್ಲಿ ಕ್ಷುದ್ರಗ್ರಹ. ಮಗು ಎರಡನ್ನೂ ಹೇಳಲಿ. ಸಣ್ಣವರಿಗೆ ಬಾಲಚುಕ್ಕಿ ಎನ್ನುವ ಹಳೆಯ ಕನ್ನಡ ಮಾತು ಧೂಮಕೇತುವಿಗಿಂತ ಬೇಗ ನಾಲಿಗೆಗೆ ಹತ್ತುತ್ತದೆ.

ಗೊಂದಲ ಆಗುವುದು ನಾಲ್ಕು ಪದಗಳಲ್ಲಿ. ಆಕಾಶದಲ್ಲಿ ಬೆಳಗಿ ಆರುವ ಗೆರೆ ಉಲ್ಕೆ. ಪೂರ್ತಿ ಉರಿಯದೆ ನೆಲ ಮುಟ್ಟಿದ ಕಲ್ಲು ಉಲ್ಕಾಶಿಲೆ. ಸೂರ್ಯನ ಸುತ್ತ ತಿರುಗುವ ಬಂಡೆ ಕ್ಷುದ್ರಗ್ರಹ. ಮಂಜುಗಡ್ಡೆ, ಧೂಳು ಕಲಸಿದ ಮುದ್ದೆ ಧೂಮಕೇತು. ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಧೂಮಕೇತು ಓಡುವಂತೆ ಕಾಣುವುದೇ ಇಲ್ಲ, ದಿನಗಟ್ಟಲೆ, ವಾರಗಟ್ಟಲೆ ಅಲ್ಲೇ ನಿಂತಂತಿದ್ದು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುತ್ತದೆ. ಇದೊಂದು ವ್ಯತ್ಯಾಸ ಗಟ್ಟಿಯಾದರೆ ಮುಂದಿನದು ಸುಲಭ.

ಮೊದಲ ಭಾನುವಾರ: ಕಣ ಯಾಕೆ ಉರಿಯುತ್ತದೆ

ಸೈಕಲ್ ಪಂಪ್ ತನ್ನಿ. ಮಗು ಮೊದಲು ಪಂಪಿನ ಕೆಳಭಾಗ ಮುಟ್ಟಿ ನೋಡಲಿ, ತಣ್ಣಗಿರುತ್ತದೆ. ಇಪ್ಪತ್ತು ಸಲ ಜೋರಾಗಿ ಗಾಳಿ ಹೊಡೆಯಲಿ. ಮತ್ತೆ ಮುಟ್ಟಲಿ. ಬಿಸಿ. ಒತ್ತಿದ ಗಾಳಿ ಕಾಯುತ್ತದೆ ಎಂಬುದು ಬೆರಳಿಗೇ ಗೊತ್ತಾಯಿತು. ಉಲ್ಕೆಯ ಕಣ ಗಾಳಿಗೆ ಉಜ್ಜಿ ಬಿಸಿಯಾಗುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಉಜ್ಜುವಿಕೆಗಿಂತ ದೊಡ್ಡ ಕಾರಣ ಇದು: ವಿಪರೀತ ವೇಗದಲ್ಲಿ ಬರುವ ಕಣದ ಮುಂದಿನ ಗಾಳಿಗೆ ಸರಿಯಲು ಸಮಯ ಸಿಗುವುದಿಲ್ಲ, ಅದು ಒತ್ತಿಹೋಗಿ ಕಾದು ಕೆಂಡವಾಗುತ್ತದೆ, ಕಣವನ್ನೂ ಆವಿ ಮಾಡುತ್ತದೆ.

ಎಷ್ಟು ವೇಗ? ಮಿಥುನ ರಾಶಿಯ ಕಡೆಯಿಂದ ಬರುವಂತೆ ಕಾಣುವ ಡಿಸೆಂಬರಿನ ಮಿಥುನ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ಬರುತ್ತವೆ. ಡೆಕ್ಕನ್ ಕ್ವೀನ್ ರೈಲು ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ಪುಣೆಗೆ ಹೋಗಲು ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದಲ್ಲ, ಆ ಕಣಕ್ಕೆ ನಾಲ್ಕು ಸೆಕೆಂಡು ಸಾಕು. ನವೆಂಬರಿನ ಸಿಂಹ ಉಲ್ಕೆಗಳಿಗೆ ಎರಡೇ ಸೆಕೆಂಡು. ಮಕ್ಕಳಿಗೆ ಗಡಿಯಾರ ಕೊಟ್ಟು “ಸಿಎಸ್‌ಎಂಟಿ... ಪುಣೆ!” ಎಂದು ಎಣಿಸಲು ಹೇಳಿ, ಆ ವೇಗ ಮನಸ್ಸಿಗೆ ಹತ್ತುತ್ತದೆ. ಕಣ ಉರಿಯುವುದು ಸುಮಾರು 80–120 ಕಿ.ಮೀ. ಎತ್ತರದಲ್ಲಿ. ಮುಂಬೈಯಿಂದ ಲೋಣಾವಳ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟನ್ನೇ ನೆಟ್ಟಗೆ ಮೇಲಕ್ಕೆ ನಿಲ್ಲಿಸಿದ ಹಾಗೆ. “ಪಕ್ಕದ ಬಿಲ್ಡಿಂಗ್ ಹಿಂದೆ ಬಿತ್ತು” ಎನ್ನುವ ಮಗುವಿಗೆ ಇದನ್ನು ಹೇಳಲೇಬೇಕು.

ಆ ಕಣ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ಒಂದು ಚಿಟಿಕೆ ಬನ್ಸಿ ರವೆ ಅಂಗೈ ಮೇಲೆ ಹಾಕಿ, “ಇದರಲ್ಲಿ ಒಂದು” ಎನ್ನಿ. ಹೆಚ್ಚಿನವು ಮರಳಿನ ಕಾಳಿನಷ್ಟು, ಚೆನ್ನಾಗಿ ಹೊಳೆಯುವವು ಬಟಾಣಿಯಷ್ಟು ಇದ್ದಾವು. ನಮ್ಮ ಹುಡುಗಿ ಅಂಗೈ ಮುಚ್ಚಿಕೊಂಡು ಬಹಳ ಹೊತ್ತು ತೆರೆಯಲೇ ಇಲ್ಲ.

ಮಳೆನೀರಿನ ಪೈಪಿನಡಿ ಅಯಸ್ಕಾಂತ ಹಿಡಿದು ಉಲ್ಕಾಧೂಳು ಹುಡುಕುವ ಆಟವನ್ನು ಹಲವರು ಹೇಳುತ್ತಾರೆ. ಆಡಿ, ತಪ್ಪಿಲ್ಲ. ಆದರೆ ನಮ್ಮ ಟೆರೇಸಿನಲ್ಲಿ ಅಂಟುವ ಕಪ್ಪು ಪುಡಿಯಲ್ಲಿ ಬಹುಪಾಲು ರೈಲಿನ ಗಾಲಿ, ಬ್ರೇಕು, ವೆಲ್ಡಿಂಗ್ ಅಂಗಡಿ ಇವುಗಳದ್ದು. ಆಕಾಶದ ಧೂಳು ಅದರಲ್ಲಿ ಇದ್ದರೂ ಬೇರ್ಪಡಿಸಲು ಸೂಕ್ಷ್ಮದರ್ಶಕವೂ ಪಳಗಿದ ಕಣ್ಣೂ ಬೇಕು. “ಇದೇ ಉಲ್ಕೆ” ಎಂದು ಮಗುವಿಗೆ ಸುಳ್ಳು ಹೇಳಬೇಡಿ.

ಎರಡನೇ ಭಾನುವಾರ: ಪರಾತದಲ್ಲಿ ಕುಳಿ

ದೊಡ್ಡ ಕಲ್ಲು ಬಂದರೆ? ಹಿಟ್ಟು ನಾದುವ ಪರಾತದಲ್ಲಿ ಮೂರು ಬೆರಳು ದಪ್ಪಕ್ಕೆ ಅಕ್ಕಿಹಿಟ್ಟು ಹರಡಿ, ತಟ್ಟಬೇಡಿ. ಮೇಲೆ ಜರಡಿಯಿಂದ ರಾಗಿಹಿಟ್ಟು ತೆಳ್ಳಗೆ ಉದುರಿಸಿ, ಬಿಳಿ ಕಾಣಬಾರದು. ಕೆಳಗೆ ಹಳೆ ಪೇಪರ್ ಹಾಸಿ. ಈಗ ಒಂದು ಗೋಲಿಯನ್ನು ಮಗುವಿನ ಮೊಣಕಾಲೆತ್ತರದಿಂದ ಬಿಡಿ, ಆಮೇಲೆ ಸೊಂಟದೆತ್ತರ, ಆಮೇಲೆ ಕುರ್ಚಿ ಹತ್ತಿ. ಪ್ರತಿ ಕುಳಿಯನ್ನೂ ಸ್ಕೇಲಿನಿಂದ ಅಳೆದು ಬರೆಯಲಿ. ಗೋಲಿ ಅದೇ, ಎತ್ತರ ಹೆಚ್ಚಿದಷ್ಟೂ ಕುಳಿ ದೊಡ್ಡದು. ಕಂದು ರಾಗಿಯ ಮೇಲೆ ಬಿಳಿ ಅಕ್ಕಿಹಿಟ್ಟು ಸೂರ್ಯನ ಕಿರಣದ ಹಾಗೆ ಸುತ್ತ ಚಿಮ್ಮಿರುತ್ತದೆ. ಅದನ್ನು ಕೆಡಿಸದೆ ಚೆನ್ನಾಗಿ ನೋಡಲು ಬಿಡಿ.

ಯಾಕೆಂದರೆ ಇದೇ ಚಿತ್ರ ಹುಣ್ಣಿಮೆಯ ಚಂದ್ರನ ಮೇಲಿದೆ. ಬೈನಾಕ್ಯುಲರ್ ಹಿಡಿದರೆ ಚಂದ್ರನ ದಕ್ಷಿಣದಲ್ಲಿ ಟೈಕೋ ಎಂಬ ಕುಳಿಯಿಂದ ಹೊರಟ ಬಿಳಿ ಗೆರೆಗಳು ಕಾಣುತ್ತವೆ. ಕುಳಿಗಳ ಗುಂಡಿ, ಅಂಚು ನೋಡಬೇಕಾದರೆ ಹುಣ್ಣಿಮೆ ಬೇಡ, ಅಷ್ಟಮಿಯ ಅರ್ಧಚಂದ್ರ ಒಳ್ಳೆಯದು. ಬೆಳಕು–ಕತ್ತಲು ಕೂಡುವ ಗಡಿಯಲ್ಲಿ ನೆರಳು ಉದ್ದ ಬೀಳುತ್ತದೆ. ಮುಂಬೈಯ ಬೆಳಕಿನಲ್ಲೂ ಚಂದ್ರ, ಶುಕ್ರ, ಗುರು ಕೈಬಿಡುವುದಿಲ್ಲ. ನಗರದಲ್ಲಿ ಆಕಾಶವೇ ಇಲ್ಲ ಎಂದು ಕೈಚೆಲ್ಲಬೇಡಿ.

ಗೋಲಿಗೂ ನಿಜವಾದ ಬಡಿತಕ್ಕೂ ಒಂದು ವ್ಯತ್ಯಾಸ ಹೇಳಿ. ಗೋಲಿ ಹಿಟ್ಟನ್ನು ಬರೀ ತಳ್ಳುತ್ತದೆ. ಕ್ಷುದ್ರಗ್ರಹ ಬಡಿದಾಗ ಸ್ಫೋಟವಾಗುತ್ತದೆ, ಕಲ್ಲು ಕರಗಿ ಆವಿಯಾಗುತ್ತದೆ. ಅದಕ್ಕೇ ಓರೆಯಾಗಿ ಬಿದ್ದರೂ ಕುಳಿ ದುಂಡಗೆ ಬರುತ್ತದೆ, ಬಿದ್ದ ಕಲ್ಲಿಗಿಂತ ಹತ್ತಿಪ್ಪತ್ತು ಪಟ್ಟು ಅಗಲವಾಗಿರುತ್ತದೆ.

ಅಂಥ ಕುಳಿ ನಮ್ಮ ರಾಜ್ಯದಲ್ಲೇ ಇದೆ. ಬುಲ್ಢಾಣಾ ಜಿಲ್ಲೆಯ ಲೋಣಾರ್. ಸುಮಾರು 1.8 ಕಿ.ಮೀ. ಅಗಲ, ಅಂಚಿನಿಂದ ತಳಕ್ಕೆ ಸುಮಾರು 150 ಮೀಟರ್, ನಡುವೆ ಉಪ್ಪು–ಕ್ಷಾರದ ನೀರಿನ ಕೆರೆ. ನಮ್ಮ ಘಾಟಿನಲ್ಲಿ, ಕೋಟೆಗಳಲ್ಲಿ ಮಕ್ಕಳು ಹತ್ತಿ ಆಡುವ ಕರಿಕಲ್ಲು ಲಾವಾ ಹರಿದು ಹೆಪ್ಪುಗಟ್ಟಿದ್ದಲ್ಲವೆ, ಅದೇ ಕಲ್ಲಿನಲ್ಲಿ ಕೊರೆದ ಕುಳಿ ಇದು. ಚಂದ್ರ, ಮಂಗಳಗಳ ಎಷ್ಟೋ ಕುಳಿಗಳೂ ಇಂಥ ಕಲ್ಲಿನಲ್ಲೇ ಇರುವುದರಿಂದ ವಿಜ್ಞಾನಿಗಳಿಗೆ ಲೋಣಾರ್ ತುಂಬಾ ಬೇಕಾದ ಜಾಗ. ಹಿಂದೆ ಅದಕ್ಕೆ 50,000 ವರ್ಷ ಎನ್ನುತ್ತಿದ್ದರು, ಆಮೇಲಿನ ಅಳತೆ ಸುಮಾರು 5.7 ಲಕ್ಷ ವರ್ಷ ಎನ್ನುತ್ತದೆ. 2020ರ ಜೂನಿನಲ್ಲಿ ಆ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಉಪ್ಪು ನೀರಲ್ಲಿ ಬಾಳುವ ಸೂಕ್ಷ್ಮಜೀವಿಗಳ ಕೆಲಸ ಅದು. ಅಜಂತಾ–ಎಲ್ಲೋರಾ ಪ್ರವಾಸಕ್ಕೆ ಔರಂಗಾಬಾದಿಗೆ (ಈಗಿನ ಛತ್ರಪತಿ ಸಂಭಾಜಿನಗರ) ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಲೋಣಾರಿಗೂ ಹೋಗಿ ಬನ್ನಿ. ಪರಾತದ ಪ್ರಯೋಗ ಮಾಡಿದ ಮಗು ಅಂಚಿನಲ್ಲಿ ನಿಂತು ನೋಡುವ ರೀತಿಯೇ ಬೇರೆ.

ಹೆದರಿಕೆಯೂ ಹುಟ್ಟಬಹುದು. “ನಮ್ಮ ಮೇಲೆ ಬಿದ್ದರೆ?” ಎಂಬ ಪ್ರಶ್ನೆಗೆ ನಗಬೇಡಿ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ 20 ಮೀಟರ್ ಆಸುಪಾಸಿನ ಕಲ್ಲೊಂದು ಆಕಾಶದಲ್ಲೇ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು, ಹೆಚ್ಚಿನದು ಕಿಟಕಿಯ ಗಾಜಿನಿಂದ. ಬೆಳಕು ಕಂಡು ಕಿಟಕಿಗೆ ಓಡಿದ್ದರು, ಸದ್ದಿನ ಅಲೆ ತಡವಾಗಿ ಬಂತು. ದೊಡ್ಡ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಬೇಕು ಎಂದು ಮಗುವಿಗೆ ಕಲಿಸಿ. ಏನು ಮಾಡಬೇಕೆಂದು ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ದೊಡ್ಡ ಕಲ್ಲುಗಳನ್ನು ದೂರದರ್ಶಕಗಳು ದಿನಾ ರಾತ್ರಿ ಹುಡುಕಿ ಲೆಕ್ಕ ಇಡುತ್ತಿವೆ ಎಂದೂ ಹೇಳಿ.

ಮೂರನೇ ಭಾನುವಾರ: ಕರ್ಪೂರ, ಗೋಲಾ, ಟೇಬಲ್ ಫ್ಯಾನ್

ಇಲ್ಲಿ ಅವಸರ ಬೇಡ. ಮಕ್ಕಳಿಗೆ ಅತಿ ಹೆಚ್ಚು ತಪ್ಪು ಕಲ್ಪನೆ ಇರುವುದು ಧೂಮಕೇತುವಿನ ಬಗ್ಗೆ.

ಹಿಂದಿನ ದಿನವೇ ಒಂದು ಕರ್ಪೂರದ ಬಿಲ್ಲೆಯನ್ನು ತಟ್ಟೆಯಲ್ಲಿ ತೆರೆದಿಡಿ. ಎತ್ತರದಲ್ಲಿಡಿ, ಮಕ್ಕಳು ಬಾಯಿಗೆ ಹಾಕಿದರೆ ವಿಷ. ದಿನಕ್ಕೊಮ್ಮೆ ನೋಡಲಿ. ಬಿಲ್ಲೆ ಸವೆಯುತ್ತದೆ, ತಟ್ಟೆ ಮಾತ್ರ ಒಣಗೇ ಇರುತ್ತದೆ. ನೀರಾಗದೆ ನೇರ ಆವಿಯಾಯಿತು. ಗಾಳಿಯಿಲ್ಲದ ಜಾಗದಲ್ಲಿ ಮಂಜುಗಡ್ಡೆಯೂ ಹೀಗೇ ಮಾಡುತ್ತದೆ. ಇದು ತಿಳಿಯದೆ “ಧೂಮಕೇತು ಕರಗುತ್ತದೆ” ಎಂದರೆ ಮಗು ನೀರು ತೊಟ್ಟಿಕ್ಕುವ ಚಿತ್ರ ಬರೆಯುತ್ತದೆ.

ಆಮೇಲೆ ಗೋಲಾ. ಚೌಪಾಟಿಯಲ್ಲಿ ಬರ್ಫ್ ಗೋಲಾ ತಿಂದ ಮಗುವಿಗೆ ಧೂಮಕೇತು ಅರ್ಥವಾಗದೇ ಇರಲು ಸಾಧ್ಯವಿಲ್ಲ. ಜಜ್ಜಿದ ಐಸ್, ಒಂದು ಹಿಡಿ ಕುಂಡದ ಮಣ್ಣು, ಸ್ವಲ್ಪ ಇದ್ದಲಿ ಪುಡಿ, ನಾಲ್ಕು ಸಣ್ಣ ಕಲ್ಲು, ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒತ್ತಿ ಉಂಡೆ ಕಟ್ಟಿ. ಕೊಳೆಯಾದ ಹಿಮದುಂಡೆ ಎಂಬ ಈ ಕಲ್ಪನೆಯನ್ನು 1950ರಲ್ಲಿ ಮುಂದಿಟ್ಟವರು ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್. ಉಂಡೆಯನ್ನು ಟೇಬಲ್ ಲ್ಯಾಂಪಿನ ಕೆಳಗೆ ತಟ್ಟೆಯಲ್ಲಿಡಿ. ಐಸ್ ಹೋದಂತೆ ಮಣ್ಣು, ಕಲ್ಲು ಕಳಚಿ ಉದುರುತ್ತವೆ. ಹಾಗೆ ಉದುರಿದ ಕಣವೇ ಮೊದಲ ಭಾನುವಾರ ಅಂಗೈಯಲ್ಲಿದ್ದದ್ದು. ಧೂಮಕೇತು ತನ್ನ ದಾರಿಯುದ್ದಕ್ಕೂ ಧೂಳು ಚೆಲ್ಲಿ ಹೋಗುತ್ತದೆ, ಭೂಮಿ ಪ್ರತಿವರ್ಷ ಅದೇ ದಿನಗಳಲ್ಲಿ ಆ ಧೂಳಿನ ದಾರಿಯನ್ನು ದಾಟುತ್ತದೆ. ಉಲ್ಕಾವೃಷ್ಟಿಗೆ ತಾರೀಖು ಇರುವುದು ಅದಕ್ಕೇ. ಮೂಗು ಮುಚ್ಚಿಕೊಳ್ಳುವ ಮಕ್ಕಳಿಗೆ ಇನ್ನೊಂದು ನಿಜ: 2014ರಲ್ಲಿ ರೊಸೆಟಾ ಎಂಬ ಬಾಹ್ಯಾಕಾಶ ನೌಕೆ ಒಂದು ಧೂಮಕೇತುವಿನ ಹತ್ತಿರ ಹೋಗಿ ಅದರ ಅನಿಲ ಪರೀಕ್ಷಿಸಿದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮೂಗು ಉರಿಸುವ ಅಮೋನಿಯಾ ಎರಡೂ ಸಿಕ್ಕವು. ಅದೇ ವರ್ಷ ನವೆಂಬರ್ 12ರಂದು ಫೀಲೇ ಎಂಬ ಪುಟ್ಟ ಯಂತ್ರ ಆ ಧೂಮಕೇತುವಿನ ಮೇಲೆ ಇಳಿದೂ ಇಳಿಯಿತು.

ಮೂರನೆಯದು ಬಾಲ. ಬಹುತೇಕ ಮಕ್ಕಳು, ದೊಡ್ಡವರೂ, ಬಾಲವನ್ನು ರಾಕೆಟ್ಟಿನ ಹೊಗೆ ಎಂದುಕೊಂಡಿದ್ದಾರೆ, ಓಡುವ ದಿಕ್ಕಿಗೆ ಹಿಂದೆ ಇರುತ್ತದೆ ಎಂದು. ಒಂದು ಚೆಂಡಿಗೆ ಉಡುಗೊರೆ ಕಟ್ಟುವ ತೆಳು ರಿಬ್ಬನ್ ನಾಲ್ಕೈದು ಅಂಟಿಸಿ ಕೋಲಿಗೆ ಸಿಕ್ಕಿಸಿ. ಟೇಬಲ್ ಫ್ಯಾನೇ ಸೂರ್ಯ. ಮಗು ಕೋಲು ಹಿಡಿದು ಫ್ಯಾನಿನ ಗಾಳಿಯಲ್ಲಿ ಹತ್ತಿರ ಬರಲಿ: ರಿಬ್ಬನ್ ಹಿಂದಕ್ಕೆ ಹಾರುತ್ತದೆ. ಫ್ಯಾನಿಗೆ ಬೆನ್ನು ಹಾಕಿ ದೂರ ನಡೆಯಲಿ: ಈಗ ರಿಬ್ಬನ್ ಮುಂದೆ! ಬಾಲ ಮೊದಲು, ತಲೆ ಹಿಂದೆ. ನಮ್ಮವಳು ಇದನ್ನು ಎಂಟು ಸಲ ಮಾಡಿ, ಪಕ್ಕದ ಮನೆಯ ಆಂಟಿಯನ್ನೂ ಕರೆದು ತಂದು ಮಾಡಿಸಿದಳು. ಸೂರ್ಯನ ಬೆಳಕು ಧೂಳನ್ನು ತಳ್ಳುತ್ತದೆ, ಸೂರ್ಯನಿಂದ ಹೊರಡುವ ಕಣಗಳ ಗಾಳಿ ಅನಿಲವನ್ನು ತಳ್ಳುತ್ತದೆ. ಹಾಗಾಗಿ ಬಾಲವೂ ಎರಡು: ಹಳದಿ ಛಾಯೆಯ ಬಾಗಿದ ಧೂಳಿನ ಬಾಲ, ನೀಲಿಯ ನೆಟ್ಟಗಿನ ಅನಿಲದ ಬಾಲ.

ಅಜ್ಜ–ಅಜ್ಜಿ ಧೂಮಕೇತು ಕೆಟ್ಟದ್ದು ಎಂದರೆ ಮಗುವಿನ ಎದುರು ವಾದ ಮಾಡಬೇಡಿ. 1910ರಲ್ಲಿ ಭೂಮಿ ಹ್ಯಾಲಿ ಎಂಬ ಧೂಮಕೇತುವಿನ ಬಾಲದೊಳಗೆ ಹಾಯುತ್ತದೆ ಎಂಬ ಸುದ್ದಿ ಹಬ್ಬಿ, ಗಾಳಿ ವಿಷವಾಗುತ್ತದೆಂದು ಹೆದರಿ ಯುರೋಪು, ಅಮೆರಿಕದಲ್ಲೂ ಜನ ಗುಳಿಗೆ ಕೊಂಡಿದ್ದರು. ಏನೂ ಆಗಲಿಲ್ಲ. ಈ ಕತೆ ಹೇಳಿ, ಅಜ್ಜಿಗೂ ಇಷ್ಟವಾಗುತ್ತದೆ. ಜೊತೆಗೆ ವೇಣು ಬಾಪ್ಪು ಅವರ ಹೆಸರು ಹೇಳಿ. ಮುಂದೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಇವರು 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಧೂಮಕೇತುವೊಂದನ್ನು ಕಂಡುಹಿಡಿದರು, ಅದಕ್ಕೆ ಬಾಪ್ಪು–ಬಾಕ್–ನ್ಯೂಕರ್ಕ್ ಎಂದು ಹೆಸರು.

ನಾಲ್ಕನೆಯದು: ರಾಗಿಕಾಳಿನ ಭೂಮಿ

ಈಗ ಸೌರವ್ಯೂಹ. ಥರ್ಮಾಕೋಲ್ ಮಾದರಿಯಲ್ಲಿ ಗ್ರಹಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನು ನೋಡಿ ಬೆಳೆದ ಮಗುವಿಗೆ ಖಾಲಿ ಜಾಗದ ಅಂದಾಜೇ ಇರುವುದಿಲ್ಲ. ಖಾಲಿ ಜಾಗವನ್ನು ಕಾಲಿನಿಂದಲೇ ಅಳೆಯಬೇಕು.

ಎಲ್ಲವನ್ನೂ ಸಾವಿರ ಕೋಟಿ ಪಾಲು ಚಿಕ್ಕದು ಮಾಡಿ. ಸೂರ್ಯ 14 ಸೆಂಟಿಮೀಟರಿನ ಒಂದು ಚಕ್ಕೋತ ಹಣ್ಣು. ಭೂಮಿ ಒಂದು ರಾಗಿಕಾಳು, ಶುಕ್ರ ಇನ್ನೊಂದು ರಾಗಿಕಾಳು. ಮಂಗಳ ಗಸಗಸೆ, ಬುಧ ಅದಕ್ಕಿಂತ ಸಣ್ಣ ಚಿರೋಟಿ ರವೆಯ ಕಣ. ಗುರು ಒಂದು ಗೋಲಿ, ಶನಿ ನೆನೆಸಿದ ಕಾಬೂಲಿ ಕಡಲೆ, ಯುರೇನಸ್ ಮತ್ತು ನೆಪ್ಚೂನ್ ಒಂದೊಂದು ಕಾಳುಮೆಣಸು. ಒಂದೊಂದನ್ನೂ ಪ್ರತ್ಯೇಕ ಕಾರ್ಡಿಗೆ ಟೇಪಿನಿಂದ ಅಂಟಿಸಿ, ಇಲ್ಲದಿದ್ದರೆ ಗಾಳಿಗೆ ಭೂಮಿ ಹಾರಿಹೋಗುತ್ತದೆ.

ಮರೈನ್ ಡ್ರೈವಿಗೆ ಭಾನುವಾರ ಬೆಳಿಗ್ಗೆ ಆರೂವರೆಗೆ ಹೋಗಿ. ಉದ್ದಕ್ಕೆ ಫುಟ್‌ಪಾತ್ ಇದೆ, ಜನ ಕಡಿಮೆ. ಪುಣೆಯಲ್ಲಾದರೆ ಯೂನಿವರ್ಸಿಟಿ ಆವರಣದ ರಸ್ತೆ, ಗೋವಾದಲ್ಲಾದರೆ ಯಾವ ಕಡಲತೀರವೂ ಆದೀತು. ಕಟ್ಟೆಯ ಮೇಲೆ ಚಕ್ಕೋತ ಇಟ್ಟು ಅಲ್ಲಿ ಒಬ್ಬರನ್ನು ನಿಲ್ಲಿಸಿ. ದೊಡ್ಡವರ ಹೆಜ್ಜೆ ಸುಮಾರು 75 ಸೆಂಟಿಮೀಟರ್ ಎಂದಿಟ್ಟುಕೊಂಡು ಎಣಿಸುತ್ತ ನಡೆಯಿರಿ. 8 ಹೆಜ್ಜೆಗೆ ಬುಧ. 14ಕ್ಕೆ ಶುಕ್ರ. 20ಕ್ಕೆ ಭೂಮಿ. 30ಕ್ಕೆ ಮಂಗಳ. ಇಲ್ಲಿಯ ತನಕ ಮಕ್ಕಳು ಕುಣಿಯುತ್ತ ಬರುತ್ತಾರೆ. ಗುರುವಿಗೆ 104 ಹೆಜ್ಜೆ, ಶನಿಗೆ 190, ಅಲ್ಲಿಗೆ “ಇನ್ನೂ ಎಷ್ಟು?” ಶುರು. ಯುರೇನಸ್ 383. ನೆಪ್ಚೂನ್ 600. ಅಲ್ಲಿ ನಿಂತು ತಿರುಗಿ ನೋಡಲು ಹೇಳಿ. ಚಕ್ಕೋತ ಕಾಣಿಸುವುದೇ ಇಲ್ಲ, ಅದನ್ನು ಕಾಯುತ್ತಿರುವ ಅಪ್ಪ ಮಾತ್ರ ಚುಕ್ಕೆಯಾಗಿ ಕಾಣುತ್ತಾರೆ.

ಭೂಮಿಯ ಕಾರ್ಡಿನ ಹತ್ತಿರ ಮತ್ತೆ ಬಂದು ಮೂರು ಮಾತು ಹೇಳಬಹುದು. ಚಂದ್ರ ಈ ರಾಗಿಕಾಳಿನಿಂದ ನಾಲ್ಕು ಸೆಂಟಿಮೀಟರ್ ದೂರ, ಮನುಷ್ಯ ಹೋಗಿ ಬಂದದ್ದು ಅಷ್ಟೇ. ಬೆಳಕು ಈ ಅಳತೆಯಲ್ಲಿ ಸೆಕೆಂಡಿಗೆ ಮೂರು ಸೆಂಟಿಮೀಟರ್, ಅಂದರೆ ಇರುವೆಯ ನಡಿಗೆ. ಚಕ್ಕೋತದಿಂದ ರಾಗಿಗೆ ಬರಲು ಆ ಇರುವೆಗೆ 8 ನಿಮಿಷ 20 ಸೆಕೆಂಡು, ಸೂರ್ಯನ ಬೆಳಕಿಗೂ ಅಷ್ಟೇ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ 4,000 ಕಿ.ಮೀ. ಆಚೆ. ಮುಂಬೈಯಲ್ಲೊಂದು ಚಕ್ಕೋತ ಇಟ್ಟರೆ ಮುಂದಿನ ಹಣ್ಣು ಸಿಂಗಾಪುರದಲ್ಲಿ.

ಕೊನೆಗೆ ಹ್ಯಾಲಿ ಧೂಮಕೇತುವಿನ ದಾರಿಯನ್ನು ನಡೆಸಿ. ನೆಪ್ಚೂನನ್ನೂ ದಾಟಿ ಇನ್ನೂ ನೂರು ಹೆಜ್ಜೆ ಹೋಗಿ ಅಲ್ಲಿಂದ ತಿರುಗಿ, ಭೂಮಿಯನ್ನು ಹಾದು, ಬುಧ–ಶುಕ್ರರ ನಡುವೆ ಚಕ್ಕೋತವನ್ನು ಸುತ್ತಿ ಮತ್ತೆ ವಾಪಸು. ಒಂದು ಸುತ್ತಿಗೆ ಸುಮಾರು 76 ವರ್ಷ. ಈ ಅಳತೆಯಲ್ಲಿ ಅದರ ತಲೆಗಡ್ಡೆ ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಧೂಮಕೇತುಗಳ ಬಾಲ ಮಾತ್ರ ಹಲವು ಮೀಟರ್ ಉದ್ದ. 1986ರಲ್ಲಿ ಅದು ಸೂರ್ಯನ ಹತ್ತಿರ ಬಂದಿತ್ತು. 2023ರ ಡಿಸೆಂಬರ್ 9ರ ಹೊತ್ತಿಗೆ ದಾರಿಯ ತುತ್ತತುದಿ ಮುಟ್ಟಿ ಈ ಕಡೆಗೆ ತಿರುಗಿತು. ಟೆರೇಸಿನಲ್ಲಿ ನಮ್ಮವಳು “ಖಾಲಿನಾ” ಎಂದು ಕೇಳಿದ್ದು ಅದೇ ವಾರ. 2061ರಲ್ಲಿ ಅದು ಮತ್ತೆ ಬಂದಾಗ ತನಗೆ 45 ವರ್ಷ ಎಂದು ಲೆಕ್ಕ ಹಾಕಿ, “ದೊಡ್ಡಮ್ಮಾ, ನಿಂಗೆ?” ಎಂದಳು. ಆ ಲೆಕ್ಕವನ್ನೂ ಅವಳೇ ಮಾಡಿದಳು. ನಾನು ಸುಮ್ಮನೆ ಕೈ ಹಿಡಿದುಕೊಂಡೆ. ಆದರೆ ಹ್ಯಾಲಿ ಉದುರಿಸಿದ ಕಣಗಳಿಗೆ 2061ರ ತನಕ ಕಾಯಬೇಕಾಗಿಲ್ಲ. ಪ್ರತಿ ಅಕ್ಟೋಬರ್ 21ರ ಆಸುಪಾಸು ಮೃಗಶಿರದ ಕಡೆಯಿಂದ, ಮೇ 5–6ರ ನಸುಕಿನಲ್ಲಿ ಕುಂಭದ ಕಡೆಯಿಂದ ಬರುತ್ತವೆ.

ಹೊರಗೆ ಎಲ್ಲಿಗೆ

ವರ್ಲಿಯ ನೆಹರೂ ತಾರಾಲಯ 1977ರಿಂದ ಇದೆ. ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ಪ್ರದರ್ಶನ ಇರುತ್ತದೆ, ಸೋಮವಾರ ರಜೆ. ಮೇಲಿನ ಕೆಲಸಗಳೆಲ್ಲ ಆದ ಮೇಲೆ ಕರೆದೊಯ್ಯಿರಿ. ಮೊದಲೇ ಹೋದರೆ ಮಗು ತಂಪು ಕತ್ತಲಲ್ಲಿ ನಿದ್ದೆ ಹೋಗುತ್ತದೆ. ಪುಣೆಯವರಿಗೆ ಯೂನಿವರ್ಸಿಟಿ ಆವರಣದ ಅಯೂಕಾ ಇದೆ, ಖಗೋಳವಿಜ್ಞಾನಿ ಜಯಂತ ನಾರಳೀಕರ್ ಕಟ್ಟಿ ಬೆಳೆಸಿದ ಖಗೋಳ ಸಂಶೋಧನಾ ಸಂಸ್ಥೆ. ಫೆಬ್ರುವರಿ 28ರ ವಿಜ್ಞಾನ ದಿನದ ಸುಮಾರಿಗೆ ಸಾರ್ವಜನಿಕರಿಗೆ ತೆರೆಯುತ್ತಾರೆ. ನಾರಾಯಣಗಾವ್ ಹತ್ತಿರದ ಖೋಡದ್‌ನಲ್ಲಿ ಮತ್ತು ಸುತ್ತಮುತ್ತ ಹರಡಿರುವ, 45 ಮೀಟರ್ ಅಗಲದ 30 ಬುಟ್ಟಿಯಾಕಾರದ ರೇಡಿಯೋ ದೂರದರ್ಶಕಗಳನ್ನೂ ಅದೇ ಸುಮಾರಿಗೆ ನೋಡಬಹುದು.

ದೂರದರ್ಶಕ ಕೊಡಿಸು ಎಂದು ಮಗು ಕೇಳುತ್ತದೆ. ಆಟಿಕೆ ಅಂಗಡಿಯದ್ದು ಬೇಡ, ಅದರಲ್ಲಿ ಏನೂ ಕಾಣದೆ ಮಗುವಿನ ಆಸೆಯೇ ಬತ್ತುತ್ತದೆ. 7×50 ಅಥವಾ 10×50 ಬೈನಾಕ್ಯುಲರ್ ಕೊಳ್ಳಿ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿ.ಮೀ.ನಲ್ಲಿ). ಮೊಣಕೈ ಗೋಡೆಗೆ ಊರಿ ಹಿಡಿದರೆ ಗುರುವಿನ ಪಕ್ಕ ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರಲ್ಲಿ ಎರಡು ಮೂರಾದರೂ ಕಾಣುತ್ತವೆ. 2024ರ ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವನ್ನು ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ನಾವು ನೋಡಿದ್ದು ಇದರಲ್ಲೇ, ಬೆರಳು ಒತ್ತಿ ಒರೆಸಿದಂಥ ಬಿಳಿ ಗೆರೆ. ಬೈನಾಕ್ಯುಲರನ್ನು ಸೂರ್ಯನ ಕಡೆ ಯಾವತ್ತೂ ತಿರುಗಿಸಬಾರದು. ಇದು ಮನೆಯ ಕಾನೂನು ಆಗಿರಲಿ, ಹಗಲಲ್ಲಿ ಕಪಾಟಿಗೆ ಬೀಗ.

ಕತ್ತಲೆಯ ರಾತ್ರಿ

ಉಲ್ಕಾವೃಷ್ಟಿಯ ಪಟ್ಟಿಯಲ್ಲಿ ಆಗಸ್ಟ್ 12–13ರದ್ದು ಬಲು ಪ್ರಸಿದ್ಧ. ನಮಗಲ್ಲ. 2024ರಲ್ಲಿ ನಾನು ಅದನ್ನು ನಂಬಿ ಮೂರು ಮಕ್ಕಳನ್ನು ಲೋಣಾವಳಕ್ಕೆ ಕರೆದೊಯ್ದೆ. ರೈನ್‌ಕೋಟಿನಲ್ಲಿ ಕೂತು ಮಂಜು ನೋಡಿ ಬಂದೆವು, ಚಿಕ್ಕವನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಳೆಗಾಲದ ಕೊಂಕಣದಲ್ಲಿ, ಘಾಟಿನಲ್ಲಿ ಆ ತಾರೀಖನ್ನು ಮಕ್ಕಳಿಗೆ ಹೇಳಲೇಬೇಡಿ. ನಮಗೆ ಇರುವುದು ಡಿಸೆಂಬರ್ 13–14ರ ಮಿಥುನ ಉಲ್ಕೆಗಳು: ಆಕಾಶ ಶುಭ್ರ, ರಾತ್ರಿ ಉದ್ದ, ಎಂಟೂವರೆ ಒಂಬತ್ತಕ್ಕೇ ಶುರು, ರಾತ್ರಿ ಎರಡರ ಹೊತ್ತಿಗೆ ಮಿಥುನ ರಾಶಿ ನೆತ್ತಿಯ ಹತ್ತಿರ. ಇವುಗಳ ತಾಯಿ ಧೂಮಕೇತುವಲ್ಲ, ಫೇಥಾನ್ ಎಂಬ ಕ್ಷುದ್ರಗ್ರಹ. ಉಲ್ಕೆ ಎಂದರೆ ಧೂಮಕೇತುವಿನ ಧೂಳು ಎಂದು ಕಲಿತ ಮಗುವಿಗೆ ಈ ಒಂದು ಅಪವಾದವನ್ನೂ ಹೇಳಬೇಕು.

ಚಂದ್ರನನ್ನು ಮೊದಲು ನೋಡಿಕೊಳ್ಳಿ. ಅಡುಗೆಮನೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ–ಅಮಾವಾಸ್ಯೆ ಇದ್ದೇ ಇದೆ, ಮಗುವೇ ಹುಡುಕಲಿ. 2024ರ ಡಿಸೆಂಬರಿನಲ್ಲಿ ಹುಣ್ಣಿಮೆ ಮಗ್ಗುಲಲ್ಲೇ ಬಂದು ಬೆಳದಿಂಗಳು ಎಲ್ಲವನ್ನೂ ನುಂಗಿತು. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ರ ಹೊತ್ತಿಗೆ, ಹಾಗಾಗಿ ಎಳೆ ಚಂದ್ರ ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ.

ಸೆಂಟ್ರಲ್ ಲೈನಿನವರಿಗೆ ಬದ್ಲಾಪುರದ ಮುಂದಿನ ವಾಂಗಣಿ ಹತ್ತಿರ. ಖಗೋಳ ಮಂಡಲದವರು ಅಲ್ಲಿ ರಾತ್ರಿಯಿಡೀ ಆಕಾಶ ದರ್ಶನ ನಡೆಸುತ್ತ ಬಂದಿದ್ದಾರೆ. ಮೊದಲ ಸಲ ಹೋಗುವವರು ಅಂಥ ಗುಂಪಿನ ಜೊತೆಯೇ ಹೋಗುವುದು ಒಳ್ಳೆಯದು. ಪುಣೆಯವರು ಪಾನ್‌ಶೇತ್, ಮುಳಶಿ ಕಡೆಗೆ, ಗೋವಾದವರು ಕಾಣಕೋಣದ ಕಡೆಗೆ. ಗೊತ್ತಿದ್ದವರ ಜಾಗ, ಶೌಚಾಲಯ, ಹಾವಿಲ್ಲದ ಗಟ್ಟಿ ನೆಲ, ಈ ಮೂರು ನೋಡದೆ ಮಕ್ಕಳನ್ನು ಕರೆದೊಯ್ಯಬೇಡಿ.

ಚಾಪೆಯ ಮೇಲೆ ದಪ್ಪ ರಗ್ಗು, ಟೊಪ್ಪಿ, ಕಾಲುಚೀಲ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ. ಮೊಬೈಲು ಚೀಲದೊಳಗೆ, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಮ್ಮೆ ಪರದೆ ನೋಡಿದರೆ ಮತ್ತೆ ಮೊದಲಿನಿಂದ. ಚಕ್ಕುಲಿ, ಹಚ್ಚಿದ ಅವಲಕ್ಕಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು. ಮಲಗಿಯೇ ನೋಡಬೇಕು, ಒಂದೇ ಕಡೆ ದಿಟ್ಟಿಸದೆ ಇಡೀ ಆಕಾಶವನ್ನು ಸಡಿಲ ಕಣ್ಣಲ್ಲಿ. ಉಲ್ಕೆ ಕಂಡಾಗ ಎರಡೂ ಕೈಯಲ್ಲಿ ದಾರ ಎಳೆದು ಹಿಡಿದು ಆ ಗೆರೆಯ ಮೇಲಿಟ್ಟು ಹಿಂದಕ್ಕೆ ಒಯ್ಯಲಿ. ಮಿಥುನ ರಾಶಿಯಲ್ಲಿರುವ ಪುನರ್ವಸುವಿನ ಜೋಡಿ ಚುಕ್ಕಿಗಳ ಹತ್ತಿರ ಬಂದರೆ ಅದು ಮಿಥುನದ್ದು. ಬೇರೆಲ್ಲೋ ಹೋದರೆ ದಾರಿತಪ್ಪಿದ ಒಂಟಿ ಕಣ. ಎಷ್ಟು ಕಾಣುತ್ತವೆ ಎಂದು ಮೊದಲೇ ದೊಡ್ಡ ಸಂಖ್ಯೆ ಹೇಳಬೇಡಿ. ನಗರದ ಟೆರೇಸಿನಿಂದ ಗಂಟೆಗೆ ಐದಾರು ಕಂಡರೂ ದೊಡ್ಡದು, ವಾಂಗಣಿಯಂಥ ಕಡೆ ಅದರ ಹಲವು ಪಟ್ಟು.

ಒಂದು ನೋಟ್‌ಬುಕ್ ಇರಲಿ. ಸಮಯ, ಬಣ್ಣ, ವೇಗ, ದಾರ ಎಲ್ಲಿಗೆ ಹೋಯಿತು, ಅಷ್ಟು ಸಾಕು. ಮಗುವೇ ತನ್ನ ಕೈಯಲ್ಲಿ ಬರೆಯಲಿ, ಕತ್ತಲಲ್ಲಿ ಸಾಲು ಓರೆಯಾದರೂ ಪರವಾಗಿಲ್ಲ. 2025ರ ಡಿಸೆಂಬರ್ 13ರ ರಾತ್ರಿ ನಮ್ಮವಳ ಪುಟದಲ್ಲಿ ಹತ್ತೊಂಬತ್ತು ಸಾಲಿವೆ. ಹನ್ನೊಂದನೆಯದು ಹೀಗಿದೆ: “11.40. ಬಿಳಿ, ಆಮೇಲೆ ಹಸಿರು. ಪುಣೆ ತನಕ ಎಣಿಸುವುದರೊಳಗೆ ಹೋಯ್ತು. ದಾರ ಪುನರ್ವಸುಗೆ. ದೊಡ್ಡಮ್ಮ ಹಾಲು ಬಗ್ಗಿಸುತ್ತಿದ್ದಳು, ನೋಡಲಿಲ್ಲ.”